ಬೇಯಿಸಿದ ತಂತಿ

ಅಕ್ಕಯಮ್ಮ ಗಂಡನಿಗೆ ಏನು ಹೇಳಿದರೂ ಅದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮುದ್ದೆ ಬೆಂದದ್ದು ಗೊತ್ತು, ಎಮ್ಮೆ ಒದ್ದದ್ದು ಗೊತ್ತು, ಬೆನ್ನಿಗೆ ನೀರು ಹುಯ್ಯಲೇ ಎಂದು ಕೇಳಿದ್ದೂ ಗೊತ್ತು. ಕೆಲಮಂಗಲದ ಸಂತೆಗೆ ಹೋಗುವ ಗಾಡಿಗಳು ಆ ಮನೆಯ ಮುಂದೆ ನಿಧಾನ ಮಾಡಿ, ಅವತ್ತಿನ ಸಾರು ಯಾವುದೆಂದು ಕೇಳಿಸಿಕೊಂಡೇ ಮುಂದಕ್ಕೆ ಹೋಗುತ್ತವೆ ಎಂದು ಪಕ್ಕದ ಮನೆಯ ಗಂಗರತ್ನಮ್ಮ ಆಡಿಕೊಳ್ಳುತ್ತಿದ್ದಳು.

ಹಾಗೆಂದು ಅಕ್ಕಯಮ್ಮ ಬಾಯಿಬಡುಕಿಯಲ್ಲ. ಮದುವೆಯಾಗಿ ಬಂದಾಗ ಅವಳ ದನಿ ಎಷ್ಟು ಸಣ್ಣದಿತ್ತೆಂದರೆ, ಅತ್ತೆ ಬೈರಮ್ಮ ನೆಂಟರ ಮುಂದೆ, "ನಮ್ಮ ಸೊಸೆ ಮಾತಾಡುದ್ರೆ ಇರುವೆಗೂ ನಿದ್ದೆ ಕೆಡಾಕಿಲ್ಲ" ಎಂದು ಹೆಮ್ಮೆಪಡುತ್ತಿದ್ದಳು. ಗಂಡ ತಿಮ್ಮರಾಯಪ್ಪ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತಂಬೂರಿ ಮಾಡುವವನು. ಸುತ್ತಲಿನ ಭಜನೆಯವರು, ಸೂಳಗಿರಿ ಕಡೆಯ ತತ್ವ ಹಾಡುವವರು ಅವನ ಕೈಯ ತಂಬೂರಿಯೇ ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು. ಹಲಸಿನ ಮರ ಕೆತ್ತಿ, ತಂತಿ ಬಿಗಿದು, ತಂತಿಯ ಅಡಿಯಲ್ಲಿ ಒಂದೆಳೆ ನೂಲನ್ನು ಆಚೆಗಿಷ್ಟು ಈಚೆಗಿಷ್ಟು ಸರಿಸುತ್ತ ಕೂತರೆ, ಆ ನೂಲು ಸರಿಯಾದ ಜಾಗಕ್ಕೆ ಬಂದ ಗಳಿಗೆಯಲ್ಲಿ ಮರವೆಲ್ಲ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿತ್ತು. ಅಂಥ ಹೊತ್ತಿನಲ್ಲೂ ಅಡುಗೆಮನೆಯಿಂದ ಅವಳು ಪಿಸುಗುಟ್ಟಿದರೆ "ಏನಂದೆ?" ಎನ್ನುತ್ತಿದ್ದ. ಅಂಥ ಕಿವಿ.

ಆ ಕಿವಿಯನ್ನು ಯುದ್ಧ ತಿಂದಿತು. ಮರಗೆಲಸ ಬಲ್ಲವರು ಬೇಕೆಂದು ದಂಡಿನ ಪಟಾಲಮ್ಮಿನವರು ಬಂದಾಗ ಹೋದ. ಬರ್ಮಾ ಗಡಿಯ ಯಾವುದೋ ಹೊಳೆಗೆ ಸೇತುವೆ ಕಟ್ಟುತ್ತಿದ್ದಾಗ ಪಕ್ಕದಲ್ಲೇ ಬಾಂಬು ಬಿತ್ತು. ಕೈಕಾಲು ಗಟ್ಟಿಯಾಗಿಯೇ ಊರಿಗೆ ಬಂದ. ಕಿವಿ ಮಾತ್ರ ಅಲ್ಲೇ ಉಳಿಯಿತು. ಎದುರಿಗೆ ನಿಂತು ಕಿರುಚಿದರೆ ದೂರದ ಗುಡುಗಿನ ಹಾಗೆ ಏನೋ ಒಂದಿಷ್ಟು ಕೇಳುತ್ತಿತ್ತು. ಕಿವಿಗೆ ಬಾಯಿಟ್ಟು ಮೆಲ್ಲಗೆ ಹೇಳಿದರೆ ತಲೆ ಆಡಿಸಿ, "ಬರೀ ಗಾಳಿ ಬತ್ತದೆ ಕಣೆ" ಎನ್ನುತ್ತಿದ್ದ.

ಹಾಗಾಗಿ ಅಕ್ಕಯಮ್ಮ ಕಿರುಚುವುದನ್ನು ಕಲಿತಳು. ಬೆಳಗಾದರೆ ಒಲೆಯ ಮುಂದೆ ಕೂತು ಕುದಿನೀರಿನಲ್ಲಿ ಬೆರಳು ಬೇಯಿಸಿಕೊಂಡು ರೇಷ್ಮೆ ಗೂಡಿನ ಎಳೆ ತೆಗೆಯುವುದು, ಮಧ್ಯೆ ಎದ್ದು ಎಮ್ಮೆ ನೋಡುವುದು, ಮುದ್ದೆ ತಿರುವುವುದು, ಇವೆಲ್ಲದರ ನಡುವೆ ಗಂಟಲು ಹರಿದುಕೊಳ್ಳುವುದು. ಅವಳ ದನಿ ಒಡೆದ ಮಡಕೆಯಂತಾಗಿತ್ತು. ಮತ್ತು ಆ ಒಡೆದ ದನಿಯ ಹಿಂದೆ ಒಂದು ಮಾತು ಕೂತಿತ್ತು. ದೊಡ್ಡ ಗುಟ್ಟೇನಲ್ಲ. ನನಗೆ ದಣಿವಾಗಿದೆ, ಸಾಕಾಗಿದೆ, ಅಷ್ಟೇ. ಅದನ್ನು ಗಂಡನಿಗೆ, ಗಂಡನೊಬ್ಬನಿಗೇ ಹೇಳಬೇಕಿತ್ತು. ಆದರೆ ದಣಿವನ್ನು ಕಿರುಚಿ ಹೇಳುವುದು ಹೇಗೆ? ಒಂದು ಸಲ ಪ್ರಯತ್ನಪಟ್ಟಿದ್ದಳು. "ನಂಗೆ ಸಾಕಾಗೈತೆ!" ಎಂದು ಅವಳು ಕೂಗಿದ ಕೂಡಲೇ ಗಂಗರತ್ನಮ್ಮ ಜಗಳ ಬಿಡಿಸಲು ಓಡಿಬಂದಳು. ಬೈರಮ್ಮ ಸೆರಗು ಬಾಯಿಗಿಟ್ಟುಕೊಂಡು, "ನನ್ನ ಮಗ ಏನ್ ಮಾಡುದ್ನೇ ನಿಂಗೆ" ಎಂದು ಅತ್ತಳು. ತಿಮ್ಮರಾಯಪ್ಪ ಮುಖ ಸಣ್ಣದು ಮಾಡಿಕೊಂಡು, "ಸಾಕಾದ್ರೆ ಬುಡು, ಇನ್ನೊಂದು ಮುದ್ದೆ ಬ್ಯಾಡ" ಎಂದು ತಟ್ಟೆ ಬಿಟ್ಟು ಎದ್ದ. ಅಂದಿನಿಂದ ಆ ಮಾತನ್ನು ಅವಳು ಬಾಯಿಗೆ ತರಲಿಲ್ಲ.

ಯುದ್ಧ ಮುಗಿದ ಮರುವರ್ಷ, ಮಾವಿನ ಹೂವು ಉದುರಿ ಕಾಯಿ ಕಟ್ಟುವ ಕಾಲದಲ್ಲಿ, ತಿಮ್ಮರಾಯಪ್ಪ ಅಟ್ಟದಿಂದ ಒಂದು ಒಣಗಿದ ಹಲಸಿನ ಹಲಗೆ ಇಳಿಸಿದ. ರಾಂಚಿಯ ಮಿಲಿಟರಿ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಬಿಳಿ ಸಿಪಾಯಿಯೊಬ್ಬ ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುತ್ತಿದ್ದ ವಾದ್ಯದ ಕತೆಯನ್ನು ಅವನು ಆಗಲೇ ಎಷ್ಟೋ ಸಲ ಹೇಳಿದ್ದ. ಕರೆಂಟಿನ ಗಿಟಾರು. ಹೊಟ್ಟೆಯಿಲ್ಲದ ಗಟ್ಟಿ ಮರ, ಮೇಲೆ ಉಕ್ಕಿನ ತಂತಿ, ತಂತಿಯ ಕೆಳಗೆ ಅಯಸ್ಕಾಂತ, ಅದಕ್ಕೊಂದು ತಾಮ್ರದ ತಂತಿಯ ಸುರುಳಿ. ಅಲ್ಲಿಂದ ಒಂದು ವೈರು ಹೋಗಿ ಪೆಟ್ಟಿಗೆಗೆ ಸೇರುತ್ತದೆ. ನುಡಿಸುವುದು ಇಲ್ಲಿ, ದನಿ ಬರುವುದು ಅಲ್ಲಿ.

"ಆ ಪೆಟ್ಟಿಗೆಗೆ ಕೆನ್ನೆ ಕೊಟ್ಟೆ ನೋಡು" ಎಂದು ಅವನು ಕಿವುಡರ ಎತ್ತರದ ದನಿಯಲ್ಲಿ ಹೇಳುತ್ತಿದ್ದ. "ಕೇಳಿಸ್ತು. ಒಂದೊಂದ್ ತಂತೀನೂ ಬ್ಯಾರೆ ಬ್ಯಾರೆ ಕೇಳಿಸ್ತು. ಕಿವಿ ಬಂತು ಅಂದ್ಕಂಡೆ. ಪೆಟ್ಟಿಗೆ ಬುಟ್ಟೆ, ಹೋಗ್ಬುಡ್ತು."

ಈಗ ಅಂಥದನ್ನು ತಾನೇ ಮಾಡುತ್ತೇನೆ ಎಂದ. ಬೈರಮ್ಮನಿಗೆ ಇದು ಚೆನ್ನಾಗಿ ಅರ್ಥವಾಯಿತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಅವಳೆಂದಳು: "ಗೊತ್ತು ಬುಡು. ರಾಕ್ಷಸ ಇಲ್ಲಿ, ಅವನ ಪ್ರಾಣ ಏಳು ಸಮುದ್ರದ ಆಚೆ ಗಿಳೀಲಿ. ನಮ್ಮಜ್ಜಿ ಹೇಳ್ತಿದ್ಲು."

"ಗಿಳಿ ಎಲ್ಲೈತತ್ತೆ ನಮ್ಮೂರಾಗೆ?" ಎಂದಳು ಅಕ್ಕಯಮ್ಮ.

"ಹೊಸೂರಾಗೈತೆ. ಕೊಂಡಪ್ಪನ ರೇಡಿಯೋ."

ಕೊಂಡಪ್ಪ ಹೊಸೂರಿನಲ್ಲಿ ಬ್ಯಾಟರಿಗೆ ಚಾರ್ಜು ಹಾಕುವವನು, ರೇಡಿಯೋ ರಿಪೇರಿ ಮಾಡುವವನು, ಬೈರಮ್ಮನ ತವರಿನ ಕಡೆಯವನು. ತಮಿಳು ಬೆರೆಸಿ ಮಾತಾಡುವ ಅವನಿಗೆ ಎಲ್ಲವೂ "ಪರವಾಯಿಲ್ಲೆ". ಬ್ಯಾಟರಿ ರೇಡಿಯೋದ ಹಿಂದೆ ಗ್ರಾಮಫೋನ್ ಸಿಕ್ಕಿಸುವ ತೂತಿರುತ್ತದೆ, ಅದಕ್ಕೇ ನಿಮ್ಮ ತಂಬೂರಿ ಸಿಕ್ಕಿಸಿದರಾಯಿತು ಅಣ್ಣ, ತಂತಿ ಸುತ್ತಿ ಮುಗಿಸಿ ಹೇಳಿಕಳಿಸಿ, ಬತ್ತೀನಿ ಎಂದಿದ್ದ.

ಊರವರಿಗೆ ನಗು. "ಊರಿಗೇ ಕರೆಂಟಿಲ್ಲ, ಇವಂಗೆ ಕರೆಂಟ್ ತಂಬೂರಿ ಅಂತೆ ಕಣ್ಲಾ" ಎಂದು ಅರಳಿಕಟ್ಟೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರು. ತಿಮ್ಮರಾಯಪ್ಪನಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದು ಅಕ್ಕಯಮ್ಮನಿಗೆ. ಅವಳು ನಗಲೂ ಇಲ್ಲ, ಬೇಸರಪಡಲೂ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಸಂಗೀತವಲ್ಲ. ಒಂದು ದನಿ ಒಳಗೆ ಹೋಗಲು ದಾರಿಯಾದರೆ, ಅದೇ ದಾರಿಯಲ್ಲಿ ತನ್ನ ಮಾತೂ ಒಂದು ದಿನ ಮೆಲ್ಲಗೆ ಹೋದೀತು ಎಂಬ ಆಸೆ. ಆಸೆ ಎಂದರೂ ದೊಡ್ಡ ಮಾತಾಯಿತು. ಬಿಸಿಲಲ್ಲಿ ನಡೆದು ಬಂದವಳು ಮರದ ಕಡೆ ನೋಡುತ್ತಾಳಲ್ಲ, ಹಾಗೆ.

ತಿಮ್ಮರಾಯಪ್ಪ ಹಲಗೆ ಕೊಯ್ದ, ಉಜ್ಜಿದ. ಹೊಟ್ಟೆ ತೋಡದೆ ವಾದ್ಯ ಮಾಡುವುದು ಅವನ ಕೈಗೆ ಒಗ್ಗದ ಕೆಲಸ. ಉಳಿ ತಾನಾಗಿಯೇ ಮರದ ನಡುವಿಗೆ ಹೋಗುತ್ತಿತ್ತು, ಅವನು ಕೈ ಎಳೆದುಕೊಳ್ಳುತ್ತಿದ್ದ. ಬೆರಳು ಎಲ್ಲಿ ಬರಬೇಕೆಂಬ ಗುರುತಿಗೆ ಹಿತ್ತಾಳೆಯ ಚೂರು ಕೂರಿಸಿದ. ಕೆಟ್ಟು ಬಿದ್ದ ಮಿಲಿಟರಿ ಲಾರಿಯಿಂದ ಬಿಚ್ಚಿ ತಂದಿದ್ದ, ಕುದುರೆ ಲಾಳದ ಆಕಾರದ ಅಯಸ್ಕಾಂತವನ್ನು ಹಲಗೆಗೆ ಬಿಗಿದ. ಉಳಿದದ್ದು ತಂತಿಯ ಸುರುಳಿ. ಬೆಂಗಳೂರಿನ ದಂಡಿನ ಹಳೆ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದ ತಾಮ್ರದ ತಂತಿ, ಕೂದಲಿಗಿಂತ ಸಣ್ಣದು. ಅವನ ಬಡಗಿ ಬೆರಳು ಮುಟ್ಟಿದರೆ ಪಟ್ಟನೆ ತುಂಡಾಗುತ್ತಿತ್ತು.

"ನಿನ್ನ ಕೈಲೇ ಆಗ್ಬೇಕು" ಎಂದು ಆ ಉಂಡೆಯನ್ನು ಅವಳ ಮಡಿಲಿಗೆ ಹಾಕಿದ. "ರೇಷ್ಮೆ ಅಂದ್ಕೊಂಡು ಸುತ್ತು."

ರೇಷ್ಮೆ ಎಂದುಕೊಂಡೇ ಅವಳು ನೋಡಿದಳು. ತಂತಿಯ ಮೇಲೆ ಕಂದು ಬಣ್ಣದ ಪೊರೆ. ಉಗುರಿನಿಂದ ಕೆರೆದರೆ ಒಳಗೆ ಹೊಳೆಯುವ ತಾಮ್ರ. ಗೂಡಿನಿಂದ ತೆಗೆದ ಹಸಿ ನೂಲೂ ಹೀಗೇ, ಅಂಟು ಮೆತ್ತಿಕೊಂಡು ಮಂಕಾಗಿರುತ್ತದೆ. ಸೋಡಾ ನೀರಿನಲ್ಲಿ ಕುದಿಸಿದರೆ ಅಂಟು ಬಿಟ್ಟು ಹೊಳಪು ಬರುತ್ತದೆ, ಮಗ್ಗದವರಿಗೆ ಕೊಡುವ ನೂಲನ್ನು ಅವಳು ಹಾಗೆ ಬೇಯಿಸಿಯೇ ಕೊಡುವುದು. ಅಂಟು ಬಿಡಿಸದೆ ನೂಲು ಕೊಟ್ಟವಳನ್ನು ಕೆಲಮಂಗಲದ ಮಗ್ಗದವರು ಮನೆಯೊಳಗೆ ಕೂರಿಸಿಕೊಳ್ಳುವುದಿಲ್ಲ. ಇದನ್ನು ಬೇಯಿಸಬೇಕೇ, ಬೇಡವೇ? ಕೊಟ್ಟಿಗೆಯ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಅವನು ಬೆನ್ನು ಮಾಡಿ ಕೂತಿದ್ದ. ಕೇಳಬೇಕೆಂದರೆ ಹತ್ತಿರ ಹೋಗಿ, ಭುಜ ತಟ್ಟಿ, ಗಂಟಲು ಹರಿಯುವ ಹಾಗೆ ಕೂಗಬೇಕು. "ಏನು?" ಎನ್ನುತ್ತಾನೆ, ಮತ್ತೆ ಕೂಗಬೇಕು. ಆಚೆಯಿಂದ ಗಂಗರತ್ನಮ್ಮ ಉತ್ತರ ಕೊಡುತ್ತಾಳೆ. ಅಕ್ಕಯಮ್ಮ ಬಾಗಿಲವರೆಗೆ ಹೋದವಳು ಹಾಗೇ ತಿರುಗಿ ಬಂದಳು. ಒಲೆಯ ಮೇಲೆ ಹೇಗೂ ನೀರು ಕುದಿಯುತ್ತಿತ್ತು.

ಸೋಡಾ ಹಾಕಿ ಬೇಯಿಸಿದಳು. ಪೊರೆ ಕದಡಿ ನೀರೆಲ್ಲ ಕೆಂಪಾಯಿತು. ತೊಳೆದು, ನೆರಳಲ್ಲಿ ಒಣಗಿಸಿದಾಗ ತಂತಿ ಮದುವಣಗಿತ್ತಿಯ ಹಾಗೆ ಹೊಳೆಯಿತು. ನೂಲು ತೆಗೆಯುವ ಚರಕಕ್ಕೆ ಗಂಡ ಕೆತ್ತಿಕೊಟ್ಟ ಪುಟ್ಟ ಮರದ ಉರುಳೆಯನ್ನು ಸಿಕ್ಕಿಸಿ, ಉಸಿರು ಬಿಗಿಹಿಡಿದು ಸುತ್ತಿದಳು. ಒಂದು ಕಡೆಯೂ ತುಂಡಾಗಲಿಲ್ಲ. ಬಹಳ ದಿನದ ಮೇಲೆ ಅವಳಿಗೆ ತನ್ನ ಕೈಯ ಮೇಲೆ ಪ್ರೀತಿ ಬಂತು.

ಕೊಂಡಪ್ಪ ಸೈಕಲ್ಲಿನ ಹಿಂದೆ ರೇಡಿಯೋ, ಮುಂದೆ ಬ್ಯಾಟರಿ ಕಟ್ಟಿಕೊಂಡು ಬಂದ. ಕೊಟ್ಟಿಗೆಯ ಬಾಗಿಲ ತುಂಬ ಜನ. ವೈರು ಸಿಕ್ಕಿಸಿದ, ಗುಂಡಿ ತಿರುಗಿಸಿದ. ತಿಮ್ಮರಾಯಪ್ಪ ರೇಡಿಯೋದ ದನಿ ಬರುವ ಕಡೆಯ ಬಟ್ಟೆಗೆ ಕೆನ್ನೆ ಒತ್ತಿ, ಕೈ ಚಾಚಿ ತಂತಿ ಮೀಟಿದ.

ಏನೂ ಬರಲಿಲ್ಲ. ಮತ್ತೆ ಮೀಟಿದ. ಹೊರಗೆ ನಿಂತಿದ್ದವರಿಗೆ ಒಣ ಮರದ ಮೇಲೆ ತಂತಿ ಟಿಣ್ ಎಂದದ್ದು ಕೇಳಿಸಿತೇ ಹೊರತು ಪೆಟ್ಟಿಗೆ ಬಾಯಿ ಬಿಡಲಿಲ್ಲ. ತಿಮ್ಮರಾಯಪ್ಪ ಕಣ್ಣು ಮುಚ್ಚಿ ಇನ್ನೂ ಕೆನ್ನೆ ಒತ್ತಿಯೇ ಇದ್ದ. ಅವನಿಗೆ ಗೊತ್ತಾಗಲಿಲ್ಲ, ಕೇಳಿಸದೇ ಇರುವುದು ತನ್ನ ಕಿವಿಯಿಂದಲೋ ಪೆಟ್ಟಿಗೆಯಿಂದಲೋ ಎಂದು. ಕಣ್ಣು ತೆರೆದು ಒಬ್ಬೊಬ್ಬರ ಮುಖ ನೋಡಿದ. ಆ ನೋಟವನ್ನು ಅಕ್ಕಯಮ್ಮ ಸಹಿಸಲಾರದೆ ತಲೆ ತಗ್ಗಿಸಿದಳು.

ಕೊಂಡಪ್ಪ ಉರುಳೆಯನ್ನು ಬೆಳಕಿಗೆ ಹಿಡಿದ. "ಅಕ್ಕಾ, ಇದ್ಯಾಕಿಂಗೆ ಫಳಫಳ ಅಂತೈತೆ?"

"ಬೇಯ್ಸಿದ್ದೀನಲ್ಲಪ್ಪ. ಅಂಟು ಬುಡ್ಸಿದ್ದೀನಿ."

"ಅಯ್ಯಯ್ಯೋ!" ಕೊಂಡಪ್ಪ ಹಣೆ ಹೊಡೆದುಕೊಂಡ. "ಆ ಪೊರೆ ಇರ್ಬೇಕಕ್ಕ. ಅದಿದ್ರೇನೇ ಒಂದು ಸುತ್ತು ಇನ್ನೊಂದನ್ನ ಮುಟ್ಟಾಕಿಲ್ಲ. ತಂತಿ ಮಡಿ ಅದು. ನೀನು ಎಲ್ಲಾರ್ನೂ ಒಂದೇ ಪಂಕ್ತೀಲಿ ಕೂರ್ಸ್‌ಬುಟ್ಟಿದ್ದೀಯ!"

ಜನ ಗೊಳ್ಳೆಂದರು. "ತಂತಿ ಬೇಯ್ಸಿ ಬಸ್ಸಾರು ಮಾಡವ್ಳೆ" ಎಂದಳು ಗಂಗರತ್ನಮ್ಮ. ಕೊಂಡಪ್ಪ ಕೈಸನ್ನೆಯಲ್ಲಿ, ಕೂಗಿನಲ್ಲಿ ವಿಷಯವನ್ನು ತಿಮ್ಮರಾಯಪ್ಪನಿಗೆ ಮುಟ್ಟಿಸಿದ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬುಡು, ನನ್ನ ಕಿವೀಗೆ ಬರ್ದಿಲ್ಲ" ಎಂದು ಉಳಿಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಯುದ್ಧಕ್ಕೆ ಹೋಗುವಾಗಲೂ ಅವನು ಆ ಚೀಲದ ಬಾಯಿ ಕಟ್ಟಿರಲಿಲ್ಲ.

ಜನ ಚದುರಿದ ಮೇಲೆ ಅಕ್ಕಯಮ್ಮ ಕೊಂಡಪ್ಪನ ಸೈಕಲ್ಲು ಹಿಡಿದು ನಿಂತಳು. "ಬ್ಯಾರೆ ತಂತಿ ಕೊಡಪ್ಪ."

"ಹೊಸದೆಲ್ಲೈತಕ್ಕ ಈಗ?" ಎನ್ನುತ್ತ ಅವನು ಚೀಲ ತಡಕಿ, ಕೆಟ್ಟ ರೇಡಿಯೋದೊಳಗಿಂದ ಕಿತ್ತ ಒಂದು ಕಬ್ಬಿಣದ ಗಡ್ಡೆಯನ್ನು ಕೊಟ್ಟ. "ಇದ್ರೊಳಗೆ ತಂತಿ ಸುತ್ತೈತೆ. ಡಾಂಬರು ಮೆತ್ಕೊಂಡೈತೆ. ಬಿಚ್ಚಾಕಾದ್ರೆ ಬಿಚ್ಚು. ಆದ್ರೆ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಸ್ನಾನ ಮಾತ್ರ ಮಾಡಿಸ್ಬ್ಯಾಡ."

ಆ ಬೇಸಿಗೆ ಅವಳು ಮಾಡಿದ ಕೆಲಸವನ್ನು ಯಾವ ಶಾಪಗ್ರಸ್ತ ರಾಜಕುಮಾರಿಯೂ ಮಾಡಿರಲಾರಳು. ಬೂದಿಯಲ್ಲಿ ಬೆರೆತ ಸಾಸಿವೆ ಆರಿಸಲು ಕೂತ ರಾಜಕುಮಾರಿಗೆ ಕೊನೆಗೆ ಇರುವೆಗಳಾದರೂ ಬರುತ್ತವೆ. ಇವಳಿಗೆ ಯಾರೂ ಬರಲಿಲ್ಲ. ಗೂಡಿನ ಕೆಲಸ ಮುಗಿದ ಮೇಲೆ, ಬೆನ್ನು ನೆಟ್ಟಗಾಗದ ಹೊತ್ತಿನಲ್ಲಿ, ಜಗಲಿಯ ಬೆಳಕಿಗೆ ಕೂತು ಆ ಗಡ್ಡೆಯಿಂದ ಎಳೆ ಬಿಚ್ಚುವಳು. ಡಾಂಬರು ಬೆರಳಿಗೆ ಅಂಟುವುದು, ತಂತಿ ತುಂಡಾಗುವುದು. ತುಂಡಾದರೆ ರೇಷ್ಮೆಯ ಗಂಟು ಸಾಲದು, ಬೆಸುಗೆ ಬೇಕು. ಆಗ ಅವಳು ಮಾತಿಲ್ಲದೆ ಎರಡು ತುದಿಗಳನ್ನು ಗಂಡನ ಮುಂದೆ ಹಿಡಿಯುವಳು. ಮೊದಲ ಸಲ ಅವನು ಮುಖ ತಿರುಗಿಸಿದ. ಅವಳು ಕೈ ಇಳಿಸದೆ ನಿಂತೇ ಇದ್ದಳು. ಅವನು ನಿಟ್ಟುಸಿರುಬಿಟ್ಟು ಗೋಣಿಚೀಲ ಬಿಚ್ಚಿ, ಬೆಸುಗೆ ಕಡ್ಡಿಯನ್ನು ಕೆಂಡಕ್ಕಿಟ್ಟ.

"ತೊಳೀಬಾರ್ದಾ ಅದ್ನ, ಎಷ್ಟು ಹೊಲಸಾಗೈತೆ" ಎಂದಳು ಬೈರಮ್ಮ ಒಂದು ದಿನ.

"ತೊಳಿಯಂಗಿಲ್ಲತ್ತೆ."

"ಕೊಳಕು ನೂಲು ಸುತ್ತಾಕೆ ನಿಂಗೆ ಕೈ ಹೆಂಗೆ ಬತ್ತದೋ."

ಬರುತ್ತಿರಲಿಲ್ಲ. ಒಂದೊಂದು ಸುತ್ತಿಗೂ ಅವಳ ಬೆರಳು ಆ ಕೊಳೆಯನ್ನು ಉಜ್ಜಿಬಿಡಲು ಹವಣಿಸುತ್ತಿತ್ತು. ತುಂಡಾದೀತೆಂಬ ಭಯಕ್ಕೆ, ರೇಷ್ಮೆಯವರ ರೂಢಿಯಂತೆ, ಬಿಗಿ ಮಾಡದೆ ಸಡಿಲವಾಗಿಯೇ ಸುತ್ತಿದಳು. ಮುಗಿದಾಗ ಉರುಳೆ ಕರ್ರಗೆ ಸಗಣಿ ಮೆತ್ತಿದ ಹಾಗಿತ್ತು. ಅದನ್ನು ಗಂಡನ ಕೈಗಿಟ್ಟು ಅಲ್ಲೇ ಗೋಡೆಗೊರಗಿ ಕೂತಳು. ಈ ಸಲವೂ ಆಗದಿದ್ದರೆ ಚೀಲದ ಬಾಯಿ ಮತ್ತೆ ಬಿಚ್ಚುವುದಿಲ್ಲ, ತನ್ನ ಮಾತೂ ಒಳಗೇ ಒಣಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಈ ಸಲ ಜನ ಸೇರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನದ ಉರಿಬಿಸಿಲಲ್ಲಿ ಬಂದ ಕೊಂಡಪ್ಪ ಬೆವರು ಒರೆಸಿಕೊಂಡು ವೈರು ಸಿಕ್ಕಿಸಿದ. ತಿಮ್ಮರಾಯಪ್ಪ ರೇಡಿಯೋಗೆ ಕೆನ್ನೆ ಕೊಟ್ಟ. ಕೈ ಚಾಚುವ ಮುನ್ನ ಒಮ್ಮೆ ಹೆಂಡತಿಯನ್ನು ನೋಡಿದ. ಮೀಟಿದ.

ಪೆಟ್ಟಿಗೆ ಹುಲಿಯ ಹಾಗೆ ಗುರುಗುಟ್ಟಿ, ಆಮೇಲೆ ನೀಳವಾಗಿ ನುಡಿಯಿತು. ಹೊರಗಿದ್ದ ಕೋಳಿಗಳು ಚೆದುರಿದವು. ತಿಮ್ಮರಾಯಪ್ಪನ ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯ ತಂತಿ ಮೀಟಿದ, ಮೂರನೆಯದು. ಕೊನೆಯದು ತಂಬೂರಿಯ ಹಿತ್ತಾಳೆ ತಂತಿ. ಅದು ಉಸಿರೆತ್ತಲಿಲ್ಲ.

"ಅಯಸ್ಕಾಂತಕ್ಕೆ ಹಿತ್ತಾಳೆ ಆಗಾಕಿಲ್ಲಣ್ಣ, ಉಕ್ಕೇ ಬೇಕು" ಎಂದು ಕೊಂಡಪ್ಪ ಕೂಗಿದ.

"ಇರ್ಲಿ ಬುಡು" ಎಂದ ತಿಮ್ಮರಾಯಪ್ಪ. "ನಮ್ಮನ್ಯಾಗೆ ನಾನೊಬ್ನೇ ಕಿವುಡ ಆಗಿದ್ದೆ, ಜೊತೆಗೊಬ್ಬ ಸಿಕ್ದ." ಆಮೇಲೆ ಎರಡನೆಯ ತಂತಿಯನ್ನು ಮತ್ತೆ ಮೀಟಿ, ಹುಬ್ಬು ಗಂಟಿಕ್ಕಿದ. "ಶ್ರುತಿ ಇಳ್ದೈತೆ."

ಬೈರಮ್ಮ ಬಾಗಿಲಲ್ಲಿ ನಿಂತವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಶ್ರುತಿ ಇಳಿದಿದೆ ಎಂದು ಅವನ ಬಾಯಲ್ಲಿ ಕೇಳಿ ವರ್ಷಗಳಾಗಿದ್ದವು. ತಿಮ್ಮರಾಯಪ್ಪ ಕೆನ್ನೆ ಎತ್ತದೆಯೇ ತಂತಿ ಬಿಗಿಯುವ ಬಿರಡೆಯ ಕಡೆ ಕೈ ತೋರಿಸಿ, ತಿರುಗಿಸು ಎಂದು ಹೆಂಡತಿಗೆ ಸನ್ನೆ ಮಾಡಿದ.

ಅಕ್ಕಯಮ್ಮ ಗೋಡೆ ಹಿಡಿದು ಎದ್ದಳು. ಎಲ್ಲರಿಗೂ ಸಂತೋಷವಾಗಿತ್ತು, ಅವಳಿಗೂ ಆಗಿರಬೇಕು. ಆದರೆ ಸಂತೋಷ ಮೈಗೆ ಇಳಿಯಲೂ ಒಂದಿಷ್ಟು ಶಕ್ತಿ ಬೇಕು. ವಾದ್ಯದ ಮುಂದೆ ಮಂಡಿಯೂರಿ, ಬಿರಡೆಗೆ ಕೈ ಚಾಚಿ, ಆ ಕರಿ ಉರುಳೆಯ ಮೇಲೆ ಬಗ್ಗಿದಾಗ ಸೊಂಟ ಚಳಕ್ ಎಂದಿತು. "ಅಯ್ಯೋ ಶಿವನೇ" ಎಂದಳು, ಬಾಯಿಯೊಳಗೇ.

ತಿಮ್ಮರಾಯಪ್ಪ ತಟ್ಟನೆ ತಲೆ ಎತ್ತಿದ.

"ಯಾರು ಶಿವ್ನೇ ಅಂದಿದ್ದು?"

ಬೈರಮ್ಮನಿಗೆ ಆ ಮಾತು ಕೇಳಿಸಿಯೇ ಇರಲಿಲ್ಲ. ಕೊಂಡಪ್ಪ ಮೊದಲು ಉರುಳೆಯನ್ನು, ಆಮೇಲೆ ಅಕ್ಕಯಮ್ಮನ ಬಾಯನ್ನು ನೋಡಿ ನಕ್ಕ.

"ಓಹೋ, ಸಡಿಲವಾಗಿ ಸುತ್ತಿದ್ದೀಯಕ್ಕ. ಎಳೆ ಅಲ್ಲಾಡ್ತವೆ, ಹತ್ರ ಮಾತಾಡುದ್ರೆ ಅದನ್ನೂ ಸಣ್ಣಗೆ ಹಿಡೀತವೆ, ಪೆಟ್ಟಿಗೆಗೆ ಕೆನ್ನೆ ಕೊಟ್ಟೋರಿಗೆ ಮಾತ್ರ ಗೊತ್ತಾಗ್ತದೆ. ದೋಷ ಅದು. ಪರವಾಯಿಲ್ಲೆ, ಮೇಣ ತಂದಿದ್ದೀನಿ. ಕಾಯ್ಸಿ ಹುಯ್ದುಬುಟ್ರೆ ಎಳೆ ಎಲ್ಲಾ ಕಚ್ಕೊಂತವೆ. ಆಮೇಲೆ ಬರೀ ತಂತಿ ದನಿ, ಶುದ್ಧವಾಗಿ." ಅವನು ಚೀಲದಿಂದ ಮೇಣದ ಉಂಡೆ ತೆಗೆದು, ಕೆಂಡದ ಮೇಲೆ ಪುಟ್ಟ ತಟ್ಟೆಯಿಟ್ಟ.

ಅಕ್ಕಯಮ್ಮ ಮೇಣ ಕರಗುವುದನ್ನು ನೋಡಿದಳು. ನಿಲ್ಲಿಸು ಎಂದು ಹೇಳಲು ಅವಳಲ್ಲಿ ದನಿ ಇರಲಿಲ್ಲ. ಗಂಡನ ಕಡೆ ನೋಡಿದಳು. ಅವನು ಆಗಲೇ ಮತ್ತೆ ರೇಡಿಯೋಗೆ ಕೆನ್ನೆ ಕೊಟ್ಟು, ಅವಳನ್ನೇ ನೋಡುತ್ತಿದ್ದ. ಹೇಳು ಎಂಬಂತೆ ಗದ್ದ ಎತ್ತಿದ.

ಅವಳು ಉರುಳೆಗೆ ತುಟಿ ತಾಗುವಷ್ಟು ಬಗ್ಗಿದಳು. ಇಷ್ಟು ದಿನ ಗಂಟಲಲ್ಲಿ ಕಾದಿದ್ದ ಮಾತು ಬರಲು ಹಿಂಜರಿಯಿತು. ಆಮೇಲೆ ಬಂತು. ಮದುವೆಯಾದ ಹೊಸತರ ಆ ಸಣ್ಣ ದನಿಯಲ್ಲಿ.

"ನಂಗೆ ಸಾಕಾಗೈತೆ ಕಣಯ್ಯ. ತುಂಬಾ ಸಾಕಾಗೈತೆ."

ತಿಮ್ಮರಾಯಪ್ಪ ಕೆನ್ನೆಯನ್ನು ಇನ್ನಷ್ಟು ಒತ್ತಿದ. "ಇನ್ನೊಂದ್ಸಲ ಹೇಳು" ಎಂದ.

"ಕೇಳಿಸ್ನಿಲ್ವಾ?"

"ಕೇಳಿಸ್ತು. ಅದಕ್ಕೇ ಅಂದೆ."

ಅವಳು ಇನ್ನೊಂದು ಸಲ ಹೇಳಿದಳು. ಅವನ ಕಣ್ಣು ತುಂಬಿದವು. ಕೆನ್ನೆ ತೆಗೆಯದೆಯೇ ಕಾಲು ಚಾಚಿ, ಕೆಂಡದ ಮೇಲಿದ್ದ ಮೇಣದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. "ಅಯ್ಯೋ ಅಣ್ಣ, ಸುಡ್ತದೆ!" ಎಂದ ಕೊಂಡಪ್ಪನಿಗೆ, ಆ ಮನೆಯಲ್ಲಿ ಯಾರೂ ಕೇಳಿರದಷ್ಟು ಮೆತ್ತಗೆ, "ಮೇಣ ಬ್ಯಾಡ ಕೊಂಡಪ್ಪ. ಹಿಂಗೇ ಇರ್ಲಿ" ಎಂದ.

"ಏನಂತೋ ಅವ್ಳು?" ಎಂದು ಬೈರಮ್ಮ ಬಾಗಿಲಿನಿಂದ ಕೂಗಿದಳು. "ನಂಗೇ ಕೇಳಿಸ್ನಿಲ್ಲ!"

"ಏನಿಲ್ಲ ಬುಡವ್ವ. ತಂತಿ ವಿಷ್ಯ."

ಅತ್ತೆ ಕೊಂಡಪ್ಪನನ್ನು ಊಟಕ್ಕೆ ಎಬ್ಬಿಸಿಕೊಂಡು ಹೋದಳು. ಅವರು ಉಂಡು, ಎಲೆಯಡಿಕೆ ಹಾಕಿಕೊಂಡು, ಹೊಸೂರಿನ ನೆಂಟರ ಸುದ್ದಿಯೆಲ್ಲ ಮುಗಿಸುವವರೆಗೆ ಅಕ್ಕಯಮ್ಮ ಉರುಳೆಗೆ ಬಗ್ಗಿ ಏನೇನೋ ಹೇಳಿದಳು. ಬೆರಳಿನ ಸಂದಿಯ ಹುಣ್ಣು. ಎಮ್ಮೆ ಈ ಸಲ ಗಬ್ಬವಾಗದೇ ಇದ್ದದ್ದು. ಆಕಾಶದಿಂದ ಇಳಿಯುವ ಸಿಪಾಯಿಗಳ ಕೊಡೆಗೆಂದು ಬೇಡಿಕೆಯಲ್ಲಿದ್ದ ರೇಷ್ಮೆಯನ್ನು ಈಗ ಕೇಳುವವರಿಲ್ಲದಿರುವುದು. ಅವನು ಪಟಾಲಮ್ಮಿನಲ್ಲಿದ್ದಾಗ ಕಂಡ ಒಂದು ಕನಸು. ನಡುನಡುವೆ ಅವನು "ಹೂಂ" ಎನ್ನುತ್ತಿದ್ದ. ಗೋಡೆಯಾಚೆಯಿಂದ ಗಂಗರತ್ನಮ್ಮ, "ಏನ್ ಅಕ್ಕಯಮ್ಮ, ಬಾಯಿ ಬಿದ್ದೋಯ್ತಾ? ಮಧ್ಯಾಹ್ನದಿಂದ ಒಂದ್ ಮಾತೂ ಇಲ್ಲ!" ಎಂದಳು.

ಕೊಂಡಪ್ಪ ಬ್ಯಾಟರಿ ಬಿಚ್ಚಲು ಬಂದಾಗ ಅಕ್ಕಯಮ್ಮ ಹಲಸಿನ ಹಲಗೆಯ ಮೇಲೆ ಕೆನ್ನೆಯಿಟ್ಟು, ಉರುಳೆಯ ಪಕ್ಕದಲ್ಲೇ ಬಾಯಿ ಅರೆ ತೆರೆದು, ನಿದ್ದೆ ಹೋಗಿದ್ದಳು. ತಿಮ್ಮರಾಯಪ್ಪ ರೇಡಿಯೋ ಬಿಟ್ಟಿರಲಿಲ್ಲ.

"ಮಲಗವ್ಳಲ್ಲಣ್ಣ, ಇನ್ನೇನು ಕೇಳ್ತಿದ್ದೀಯ?" ಎಂದು ಕೊಂಡಪ್ಪ ಸನ್ನೆ ಮಾಡಿದ.

ತಿಮ್ಮರಾಯಪ್ಪ ಬೆರಳನ್ನು ತುಟಿಗೆ ಒತ್ತಿದ.

"ಗಾಳಿ" ಎಂದ. "ಬ್ಯಾಟ್ರಿ ಇರೋಗಂಟ ಇರ್ಲಿ."